ಎರಡನೇ ಸ್ಯಾಂಪಲ್

ನನ್ನ ತಮ್ಮ ಶಿವು ಒಂದು ಬುಧವಾರ ಮಧ್ಯಾಹ್ನ ಹೇಳದೆ ಕೇಳದೆ ನಾನು ಕೆಲಸ ಮಾಡುವ ಲ್ಯಾಬಿಗೆ ಬಂದ. ಪೇಷೆಂಟ್‌ಗಳು ಕೂರುವ ಕುರ್ಚಿಯಲ್ಲಿ ಕೂತ. ಶರ್ಟಿನ ತೋಳು ಮಡಚಿ ಕೈ ಚಾಚಿದ.

"ಅಕ್ಕ, ನನ್ನ ರಕ್ತ ಟೆಸ್ಟ್ ಮಾಡು. ಕ್ಯಾಂಟೀನಲ್ಲಿ ಟೀಗೆ ಏನೋ ಬೆರೆಸ್ತಾ ಅವ್ರೆ" ಅಂದ.

ನಾನು ನಕ್ಕೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ, ಆದರೆ ಅವತ್ತು ನಕ್ಕೆ. ಶಿವು ಆಗ ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಹೊಸಕೋಟೆಯಲ್ಲಿ ಜೊತೆ ಕೆಲಸಗಾರರೊಂದಿಗೆ ರೂಮು ಮಾಡಿಕೊಂಡಿದ್ದ. ಇಪ್ಪತ್ತಾರು ವರ್ಷ. ಕ್ಯಾಂಟೀನ್ ಊಟ ತಿಂದು ಹೊಟ್ಟೆ ಕೆಟ್ಟಿರಬೇಕು, ಅದನ್ನೇ ಹೀಗೆ ಹೇಳುತ್ತಿದ್ದಾನೆ ಅಂದುಕೊಂಡೆ.

ನಾನು ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ, ಎರಡನೇ ಮಹಡಿಯಲ್ಲಿರುವ ಒಂದು ಸಣ್ಣ ಲ್ಯಾಬಿನಲ್ಲಿ ಹದಿನೈದು ವರ್ಷದಿಂದ ಟೆಕ್ನಿಷಿಯನ್. ರಕ್ತ ತೆಗೆಯುವುದು, ಮೆಷಿನ್ನಿಗೆ ಹಾಕುವುದು, ರಿಪೋರ್ಟ್ ಟೈಪ್ ಮಾಡುವುದು ಎಲ್ಲ ನನ್ನದೇ. ರತ್ನಮ್ಮನ ಕೈ ಹಗುರ, ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ ಅಂತ ಊರವರು ಹೇಳುತ್ತಾರೆ. ಆ ಹೆಸರಿನ ಮೇಲೆ ನನಗೆ ಒಂಚೂರು ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಅವನ ಸಮಾಧಾನಕ್ಕೆ ಏನೇನು ಮಾಡಬಹುದೋ ಎಲ್ಲ ಮಾಡಿದೆ. ಬ್ಲಡ್ ಕೌಂಟ್, ಸಕ್ಕರೆ, ಲಿವರ್, ಕಿಡ್ನಿ. ನಮ್ಮ ರಿಪೋರ್ಟಿನಲ್ಲಿ ಟೆಸ್ಟಿನ ಹೆಸರು, ಬಂದ ಸಂಖ್ಯೆ, ಅದರ ಪಕ್ಕದಲ್ಲಿ ನಾರ್ಮಲ್ ರೇಂಜ್ ಇರುತ್ತದೆ. ಸಂಖ್ಯೆ ರೇಂಜಿನ ಒಳಗಿದ್ದರೆ ಸುಮ್ಮನಿರುತ್ತದೆ. ಆಚೀಚೆ ಆದರೆ ಕಂಪ್ಯೂಟರೇ ಅದನ್ನು ದಪ್ಪಕ್ಷರ ಮಾಡಿ, ಹೆಚ್ಚಾಗಿದ್ದರೆ ಎಚ್, ಕಡಿಮೆಯಾಗಿದ್ದರೆ ಎಲ್ ಅಂತ ಹಾಕುತ್ತದೆ. ಓದಲು ಬಾರದವರೂ ಕಪ್ಪಗಿರುವುದನ್ನು ನೋಡಿಯೇ ಹೆದರುತ್ತಾರೆ. ಶಿವುವಿನ ರಿಪೋರ್ಟಿನಲ್ಲಿ ಒಂದೂ ಕಪ್ಪಿರಲಿಲ್ಲ.

"ನೋಡೋ, ಒಂದು ಎಚ್ ಇಲ್ಲ, ಒಂದು ಎಲ್ ಇಲ್ಲ. ಗುಂಡ್ಕಲ್ಲು ಇದ್ದಂಗಿದ್ದೀಯ" ಅಂದೆ.

ಅವನು ಹಾಳೆಯನ್ನು ಬಹಳ ಹೊತ್ತು ನೋಡಿದ. ಮಡಚಿ ಜೇಬಿಗಿಟ್ಟ.

"ಹಂಗಾದ್ರೆ ನಿನ್ ಮೆಷಿನ್ನೂ ಅವ್ರ ಕಡೆ ಆಗೋಗೈತೆ."

ಅವನ ಮುಖದಲ್ಲಿ ನಗು ಇರಲಿಲ್ಲ. ನಾನು ನಗುವುದನ್ನು ನಿಲ್ಲಿಸಿದೆ.

ಎರಡು ತಿಂಗಳಲ್ಲಿ ಅವನು ಕೆಲಸ ಬಿಟ್ಟು ಕುಂದಾಣಕ್ಕೆ, ಅವ್ವನ ಮನೆಗೆ ಬಂದುಬಿಟ್ಟ. ನಮ್ಮಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅವ್ವ ಎರಡು ಹಸು ಸಾಕಿ ಡೈರಿಗೆ ಹಾಲು ಹಾಕುತ್ತಿದ್ದಳು. ಶಿವು ಸ್ನಾನ ಬಿಟ್ಟ. ಕಿಟಕಿಗೆ ಗೋಣಿಚೀಲ ಕಟ್ಟಿದ. ಅವ್ವ ಮೊದಲು ತಿಂದು ತೋರಿಸಿದರೆ ಮಾತ್ರ ತಾನೂ ತಿನ್ನುತ್ತಿದ್ದ. ಗೋಡೆ ಕಡೆ ತಿರುಗಿ ಯಾರಿಗೋ ಉತ್ತರ ಕೊಡುತ್ತಿದ್ದ. ಇಬ್ಬರು ಗಂಡಸರು, ಒಬ್ಬ ಹೆಂಗಸು ಅಂತ ಆಮೇಲೆ ಅವನೇ ಹೇಳಿದ. ಅವರು ಇವನ ಜೊತೆ ಮಾತಾಡುವುದಕ್ಕಿಂತ ಇವನ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಹೆಚ್ಚಂತೆ. ನಮ್ಮ ಶಿವು ಅವರನ್ನು ಇವತ್ತಿಗೂ ಬಹುವಚನದಲ್ಲಿ "ಅವರು" ಎಂದೇ ಕರೆಯುತ್ತಾನೆ.

ಅವ್ವ ಗಾಳಿ ಸೋಕಿದೆ ಅಂದಳು. ನಾನು ಥೈರಾಯ್ಡ್ ಇರಬೇಕು ಅಂದೆ. ಅವಳ ದೇವರು ಅವಳಿಗೆ, ನನ್ನ ಮೆಷಿನ್ನು ನನಗೆ. ಅವಳು ತಾಯಿತ ಕಟ್ಟಿಸಿದಳು. ನಾನು ಥೈರಾಯ್ಡ್, ಬಿ ಟ್ವೆಲ್ವ್, ಕ್ಯಾಲ್ಸಿಯಂ ಎಲ್ಲ ಮಾಡಿದೆ. ನಮ್ಮಲ್ಲಿ ಆಗದ್ದನ್ನು ಬೆಂಗಳೂರಿಗೆ ಕಳಿಸಿದೆ. ಹದಿನೈದು ವರ್ಷದಲ್ಲಿ ಎಷ್ಟೋ ಜನ ನನ್ನ ಮುಂದೆ ಕೂತು ಎಲ್ಲ ನಾರ್ಮಲ್ ಬರಲಪ್ಪಾ ದೇವರೇ ಎಂದು ಬೇಡಿಕೊಂಡಿದ್ದಾರೆ. ನಾನೊಬ್ಬಳೇ ಇರಬೇಕು, ಒಂದಾದರೂ ಎಲ್ ಬರಲಿ ಎಂದು ಬೇಡಿಕೊಂಡವಳು. ಬಿ ಟ್ವೆಲ್ವ್ ಕಡಿಮೆಯಾಗಿದ್ದರೆ ಇಂಜೆಕ್ಷನ್ ಇದೆ. ಥೈರಾಯ್ಡ್ ಏರಿದ್ದರೆ ಮಾತ್ರೆ ಇದೆ. ತಮ್ಮನಿಗೆ ಒಂದು ಹೆಸರಿರುವ, ಸಂಖ್ಯೆಯಿರುವ ಕಾಯಿಲೆ ಬರಲಿ ಅಂತ ನಾನು ಬೇಡಿದೆ.

ಎಲ್ಲವೂ ನಾರ್ಮಲ್.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ನನ್ನ ಫೈಲನ್ನು ತಾಳ್ಮೆಯಿಂದ ತಿರುವಿ ಹಾಕಿದರು. ನನಗಿಂತ ಚಿಕ್ಕ ವಯಸ್ಸು. ಶಿವು ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ನನ್ನನ್ನು ಒಳಗೆ ಕರೆದು ಸ್ಕಿಜೋಫ್ರೇನಿಯ ಅಂದರು. ಹಾಗಾದರೆ ಈ ರಿಪೋರ್ಟುಗಳು ಅಂತ ನಾನು ಫೈಲಿನ ಮೇಲೆ ಕೈಯಿಟ್ಟೆ. ಇವೆಲ್ಲ ಬೇರೆ ಕಾಯಿಲೆ ಇಲ್ಲ ಅನ್ನುವುದಕ್ಕೆ ಬೇಕಿತ್ತು, ಒಳ್ಳೆಯದೇ ಮಾಡಿದ್ದೀರಿ, ಆದರೆ ಈ ಕಾಯಿಲೆ ರಕ್ತದಲ್ಲಿ ಕಾಣುವುದಿಲ್ಲ ಎಂದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಇದು ಯಾವ ಕನ್ನಡಿಗೂ ಸಿಗದ ಹುಣ್ಣು. ಅಷ್ಟು ವರ್ಷ ನಾನು ಯಾವುದರ ಮೇಲೆ ನಂಬಿಕೆ ಇಟ್ಟು ಬದುಕಿದ್ದೆನೋ ಅದು ನನ್ನ ತಮ್ಮನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡು ಕೂತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಶಿವು ಕಿಟಕಿ ಪಕ್ಕ ನಿದ್ದೆ ಮಾಡಿದ. ನಾನು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಯಲಹಂಕದವರೆಗೂ ಅತ್ತೆ.

ಮಾತ್ರೆ ಶುರುವಾಯಿತು. ಮೂರು ತಿಂಗಳಲ್ಲಿ ಗೋಣಿಚೀಲ ಕಿಟಕಿಯಿಂದ ಇಳಿಯಿತು. ಪೂರ್ತಿ ಗುಣ ಅಲ್ಲ, ಆದರೂ ಕೂತು ಊಟ ಮಾಡುತ್ತಿದ್ದ. ಮಾತ್ರೆಯಿಂದ ಲಿವರಿಗೆ ತೊಂದರೆಯಾಗಿದೆಯೇ ನೋಡಲು ಡಾಕ್ಟರ್ ಟೆಸ್ಟ್ ಬರೆದಿದ್ದರು. ನಾನೇ ಮಾಡಿದೆ. ಕುಂದಾಣಕ್ಕೆ ಹೋದಾಗ "ಎಲ್ಲಾ ನಾರ್ಮಲ್ ಕಣವ್ವ" ಎಂದು ಹಾಳೆಯನ್ನು ಅವ್ವನ ಕೈಗೆ ಕೊಟ್ಟು ಕಾಫಿ ಕುಡಿದು ಬಂದೆ. ಅಷ್ಟೇ ನಾನು ಮಾಡಿದ್ದು.

ಡೈರಿಗೆ ಹಾಲು ಹಾಕುವವರಿಗೆ ಒಂದು ನಂಬಿಕೆ ಇದೆ. ಮೆಷಿನ್ನಿನಲ್ಲಿ ಫ್ಯಾಟು, ಡಿಗ್ರಿ ಸರಿಯಾಗಿ ಬಂತು ಅಂದರೆ ಆ ಹಾಲಿನ ಬಗ್ಗೆ ಯಾರೂ ಎರಡು ಮಾತಾಡುವ ಹಾಗಿಲ್ಲ. ಇಪ್ಪತ್ತು ವರ್ಷ ಬೆಳಗ್ಗೆ ಸಂಜೆ ಆ ಮೆಷಿನ್ನಿನ ಮುಂದೆ ನಿಂತವಳು ಅವ್ವ. ಮಗನ ರಕ್ತವೂ ಮೆಷಿನ್ನಿನಲ್ಲಿ ಸರಿಯಾಗಿ ಬಂದಿದೆ ಎಂದ ಮೇಲೆ ಮಾತ್ರೆ ಯಾಕೆ ಅಂತ ಅವಳು ಅವತ್ತೇ ನಿಲ್ಲಿಸಿದ್ದಳು. ನನಗೆ ಹೇಳಲಿಲ್ಲ. ಮಾತ್ರೆ ತಿಂದರೆ ಅವನು ದಿನವಿಡೀ ತೂಕಡಿಸುತ್ತಾನೆ, ನನ್ನ ಮಗ ಹಾಗಿರಲಿಲ್ಲ ಎಂಬ ಸಂಕಟವೂ ಅವಳಿಗಿತ್ತು.

ಒಂದೂವರೆ ತಿಂಗಳ ಮೇಲೆ ಶಿವು ಬೆಳಗ್ಗೆ ಡೈರಿಗೆ ಹೋಗಿ, ಹಾಲು ಟೆಸ್ಟ್ ಮಾಡುವ ಮೆಷಿನ್ನನ್ನು ಎತ್ತಿ ನೆಲಕ್ಕೆ ಬಡಿದ. ಅದು ಅವರದು, ಅದರಲ್ಲಿ ಕೂತು ಮಾತಾಡುತ್ತಾರೆ ಅಂದನಂತೆ. ನಾನು ಹೋಗುವಷ್ಟರಲ್ಲಿ ಅವನನ್ನು ಅರಳಿಕಟ್ಟೆಯ ಮೇಲೆ ಕೂರಿಸಿದ್ದರು. ಕೈಯನ್ನು ಟವೆಲಿನಿಂದ ಕಟ್ಟಿದ್ದರು. ಕಟ್ಟಿದವರು ಅವನ ಜೊತೆ ಸ್ಕೂಲಿಗೆ ಹೋದವರೇ. ಅವರೂ ಅಳುತ್ತಿದ್ದರು, ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವ್ವನನ್ನು ಬೈದೆ. ಅವಳು ಸೆರಗಿನ ಗಂಟಿನಿಂದ ಮಡಚಿದ್ದ ರಿಪೋರ್ಟನ್ನು ತೆಗೆದು ನನ್ನ ಮುಂದೆ ಹಿಡಿದಳು.

"ಹಾಲು ಸರಿಯಾಗೈತೆ ಅಂತ ನೀನೇ ಹೇಳ್ದೆ. ಹಾಲು ಸರಿ ಇದ್ಮೇಲೆ ಹಸುಗ್ಯಾಕಮ್ಮಿ ಔಷಧಿ ಕುಡಿಸ್ಬೇಕು?"

ನಾನೂ ಅದನ್ನೇ ನಂಬಿದವಳು, ಸ್ವಲ್ಪ ಇಂಗ್ಲಿಷಿನಲ್ಲಿ ನಂಬಿದ್ದೆ, ಅಷ್ಟೇ ವ್ಯತ್ಯಾಸ.

ಹಳೆಯ ಮಾತ್ರೆಯನ್ನು ಮತ್ತೆ ಶುರು ಮಾಡಿದರೂ ಈ ಸಲ ಅದು ಹಿಡಿಯಲಿಲ್ಲ. ಇನ್ನೊಂದನ್ನು ಕೊಟ್ಟರು, ಅದೂ ಹಿಡಿಯಲಿಲ್ಲ. ಆಸ್ಪತ್ರೆಯಲ್ಲಿ ಎರಡು ಸಲ ಸೇರಿಸಿದ್ದಾಯಿತು. ಕೊನೆಗೆ ಡಾಕ್ಟರ್ ಮೇಡಂ ಕ್ಲೋಜಪಿನ್ ಎಂಬ ಮಾತ್ರೆಯ ಹೆಸರು ಹೇಳಿದರು. ಬೇರೆ ಯಾವುದಕ್ಕೂ ಬಗ್ಗದವರಿಗೆ ಇದು ಕೆಲಸ ಮಾಡುತ್ತದಂತೆ. ಆದರೆ ಒಂದು ಷರತ್ತು.

"ಕೆಲವರಿಗೆ ಇದು ಬಿಳಿ ರಕ್ತಕಣ ಇಳಿಸಿಬಿಡತ್ತೆ. ಹದಿನೆಂಟು ವಾರ, ಪ್ರತಿ ವಾರ ಕೌಂಟ್ ಮಾಡಿಸ್ಬೇಕು. ಮೂರು ಸಾವಿರದ ಕೆಳಗೆ ಬಂದ್ರೆ ಅವತ್ತೇ ನಿಲ್ಲಿಸ್ತೀನಿ. ತುಂಬ ಇಳಿದುಬಿಟ್ರೆ ಮತ್ತೆ ಯಾವತ್ತೂ ಕೊಡೋ ಹಾಗಿಲ್ಲ."

ಇದೂ ಆಗದಿದ್ದರೆ ಮುಂದೇನು ಅಂತ ಕೇಳಿದೆ. ಇದಕ್ಕಿಂತ ದೊಡ್ಡದು ನಮ್ಮ ಹತ್ತಿರ ಇಲ್ಲ ಎಂದರು. ನಾನು ಲ್ಯಾಬ್ ಟೆಕ್ನಿಷಿಯನ್, ವಾರವಾರ ನಾನೇ ಮಾಡಿ ರಿಪೋರ್ಟನ್ನು ವಾಟ್ಸಾಪ್ ಮಾಡುತ್ತೇನೆ ಎಂದೆ. ಅವರ ಮುಖ ಅರಳಿತು. ಪ್ರತಿ ವಾರ ಟೆಸ್ಟಿಗೆ ಬರಲಾಗದೆ ಎಷ್ಟೋ ಜನ ಈ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ, ನಿಮ್ಮ ತಮ್ಮ ಪುಣ್ಯವಂತ ಅಂದರು. ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಶಿವುನನ್ನು ದೊಡ್ಡಬಳ್ಳಾಪುರಕ್ಕೆ, ನಮ್ಮ ಮನೆಗೆ ಕರೆದುಕೊಂಡು ಬಂದೆ. ನನ್ನ ಗಂಡ ಮನೆಯ ಮುಂಭಾಗದಲ್ಲೇ ಎರಡು ಪವರ್‌ಲೂಮ್ ಹಾಕಿದ್ದಾರೆ. ಸೀರೆ ನೇಯುತ್ತಾರೆ. ಆ ಸದ್ದಿನಲ್ಲಿ ಕಾಯಿಲೆಯವನು ಹೇಗೆ ಇರುತ್ತಾನೋ ಎಂದು ನಾನು ಹೆದರಿದ್ದೆ. ಶಿವು ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಂಡ. ಮಗ್ಗ ಓಡುವಾಗ ಅವರ ಮಾತು ಕೇಳಿಸುವುದಿಲ್ಲವಂತೆ. ಕರೆಂಟು ಹೋದಾಗ ನಮಗೆಲ್ಲ ಅಬ್ಬ ಅಂತ ಕಿವಿಗೆ ಸುಖ ಅನ್ನಿಸಿದರೆ ಅವನು ಮಾತ್ರ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮುದುಡುತ್ತಿದ್ದ. ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಕರೆಂಟು ಹೋದ ಕೂಡಲೆ ಹೋಗಿ ಅವನ ಪಕ್ಕ ಕೂತು ರೇಡಿಯೋ ಹಾಕುತ್ತಿದ್ದರು.

ಪ್ರತಿ ಬುಧವಾರ ರಕ್ತ. ಮೊದಲ ವಾರ ಏಳು ಸಾವಿರದ ಇನ್ನೂರು. ನಾರ್ಮಲ್ ಅಂದರೆ ನಾಲ್ಕು ಸಾವಿರದಿಂದ ಹನ್ನೊಂದು ಸಾವಿರ. ಮಾತ್ರೆಯ ಡೋಸು ಏರುತ್ತಾ ಹೋಯಿತು. ಜೊಲ್ಲು ಸುರಿಯುತ್ತಿತ್ತು, ದಿಂಬಿಗೆ ಟವೆಲು ಹಾಸುತ್ತಿದ್ದೆ. ಮೈ ಊದಿತು. ಆರನೇ ವಾರ ಅವನು ತಾನಾಗಿ ಕ್ಷೌರ ಮಾಡಿಸಿಕೊಂಡು ಬಂದ. ಎಂಟನೇ ವಾರ, ಸಾರಿಗೆ ಉಪ್ಪು ಜಾಸ್ತಿ, ಭಾವ ಪಾಪ ಸುಮ್ಮನೆ ತಿಂತಾರೆ ಎಂದು ನನ್ನನ್ನು ಛೇಡಿಸಿದ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ, ಅತ್ತೆ, ಎರಡೂ ಒಟ್ಟಿಗೆ. ಎರಡು ವರ್ಷದಿಂದ ಆ ಹುಡುಗ ಎಲ್ಲಿ ಹೋಗಿದ್ದನೋ. ಭಾವನ ಜೊತೆ ಕೂತು ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದನ್ನು ಕಲಿತ.

ಹನ್ನೊಂದನೇ ವಾರ ಒಂದು ಸಂಜೆ ಕರೆಂಟು ಹೋಯಿತು. ಮಗ್ಗ ನಿಂತಿತು. ನಾನು ಓಡಿ ಬಂದೆ. ಶಿವು ಕಿವಿ ಮುಚ್ಚಿಕೊಂಡಿರಲಿಲ್ಲ. ನೂಲು ಕೈಯಲ್ಲಿ ಹಿಡಿದು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ.

"ಅಕ್ಕ, ಯಾರೂ ಇಲ್ಲ ಕಣೇ. ಎಷ್ಟು ಸುಮ್ನೈತೆ."

ಅಂಥ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ, ನನ್ನ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ. ಹೇಳಿದರೆ ಮಗಳು ಬೇಜಾರು ಮಾಡಿಕೊಳ್ಳುತ್ತಾಳೆ, ಆದರೂ ಅದೇ ನಿಜ.

ಆದರೆ ಅಷ್ಟರಲ್ಲಾಗಲೇ ಕೌಂಟು ಇಳಿಯುತ್ತಿತ್ತು. ಆರು ಸಾವಿರದ ಒಂಬೈನೂರು. ಐದೂವರೆ ಸಾವಿರ. ನಾಲ್ಕು ಸಾವಿರದ ಆರುನೂರು. ಎಲ್ಲವೂ ರೇಂಜಿನ ಒಳಗೇ. ಒಂದೊಂದು ಹಾಳೆಯನ್ನೇ ನೋಡಿದರೆ ಏನೂ ಇಲ್ಲ, ಸಾಲಾಗಿ ಜೋಡಿಸಿದರೆ ಮೆಟ್ಟಿಲು ಇಳಿದ ಹಾಗೆ. ಹನ್ನೆರಡನೇ ವಾರ ಮೂರು ಸಾವಿರದ ಏಳುನೂರು ಬಂದು, ನಾನು ಒಂದು ಕಾಲದಲ್ಲಿ ಬೇಡಿಕೊಂಡಿದ್ದ ಎಲ್ ಅಕ್ಷರ ಅವನ ರಿಪೋರ್ಟಿನಲ್ಲಿ ಬಂದೇ ಬಂತು. ಡಾಕ್ಟರ್ ಫೋನ್ ಮಾಡಿದರು. ಬೆಳಗ್ಗೆ ಹೊತ್ತು ಕೆಲವರಿಗೆ ಕೌಂಟು ಕಡಿಮೆ ಇರುತ್ತದೆ, ಮುಂದಿನ ವಾರ ಮಧ್ಯಾಹ್ನ ತೆಗೆಯಿರಿ, ಜ್ವರ ಗಂಟಲುನೋವು ಬಂದರೆ ಮಾತ್ರ ತಕ್ಷಣ ಹೇಳಿ ಎಂದರು.

ಹದಿಮೂರನೇ ವಾರ ಮಧ್ಯಾಹ್ನ ತೆಗೆದೆ. ಮೆಷಿನ್ನಿನ ಪರದೆಯ ಮೇಲೆ ಸಂಖ್ಯೆ ಬಂತು.

ಎರಡು ಸಾವಿರದ ಒಂಬೈನೂರು.

ಇನ್ನು ನೂರು ಇದ್ದಿದ್ದರೆ. ನೂರೇ ನೂರು. ನಾನು ಆ ಕುರ್ಚಿಯಲ್ಲಿ ಕೂತು ಇದನ್ನೇ ಅಂದುಕೊಂಡೆ. ಈ ಹಾಳೆ ಕಳಿಸಿದರೆ ಸಂಜೆಯೊಳಗೆ ಮಾತ್ರೆ ನಿಲ್ಲುತ್ತದೆ. ನಿಂತರೆ ಅವರು ಮೂವರೂ ವಾಪಸು ಬರುತ್ತಾರೆ. ಶಿವು ಹೊರಗೆ ಬೆಂಚಿನ ಮೇಲೆ ಕೂತು ನನ್ನ ಜೊತೆ ಕೆಲಸ ಮಾಡುವ ಶಬೀನಾಗೆ ಏನೋ ಹೇಳಿ ನಗಿಸುತ್ತಿದ್ದ. ಆ ನಗು ನನಗೆ ಒಳಗೆ ಕೇಳಿಸುತ್ತಿತ್ತು.

ಈ ಕೆಲಸದಲ್ಲಿ ಇರುವವರಿಗೆ ಗೊತ್ತಿರುವ ಒಂದು ವಿಷಯ ಇದೆ. ಬಿಳಿ ರಕ್ತಕಣಗಳಲ್ಲಿ ಎಷ್ಟೋ ರಕ್ತನಾಳದ ಗೋಡೆಗೆ ಅಂಟಿಕೊಂಡು ಕೂತಿರುತ್ತವೆ. ಮನುಷ್ಯ ಓಡಿದರೆ, ಮೆಟ್ಟಿಲು ಹತ್ತಿದರೆ ಅವು ಎದ್ದು ಹರಿವಿಗೆ ಬರುತ್ತವೆ. ಸ್ವಲ್ಪ ಹೊತ್ತು ಕೌಂಟು ಏರಿದಂತೆ ಕಾಣುತ್ತದೆ. ಅದಕ್ಕೇ ನಾವು ಏದುಸಿರು ಬಿಡುತ್ತಾ ಬಂದವರನ್ನು ಹತ್ತು ನಿಮಿಷ ಕೂರಿಸಿ ಆಮೇಲೆ ರಕ್ತ ತೆಗೆಯುತ್ತೇವೆ. ಹೊಸಬರಿಗೆ ಇದನ್ನು ಹೇಳಿಕೊಡುವವಳು ನಾನೇ.

ಹೊರಗೆ ಬಂದು, ಸ್ಯಾಂಪಲ್ ಹೆಪ್ಪುಗಟ್ಟಿದೆ, ಇನ್ನೊಂದು ಸಲ ತೆಗೆಯಬೇಕು ಅಂದೆ. ಅದಕ್ಕೆ ಮುಂಚೆ ಈ ಮೆಟ್ಟಿಲನ್ನು ಐದು ಸಲ ಬಿರಬಿರನೆ ಹತ್ತಿಳಿದು ಬಾ ಎಂದೆ. ಯಾಕೆ ಅಂದ. ಹೊಟ್ಟೆ ನೋಡ್ಕೊಂಡಿದ್ದೀಯಾ, ಬೊಜ್ಜು ಕರಗಲಿ ಎಂದೆ. ಅವನು ಒಂದು ಮಾತು ಕೇಳದೆ ಹೋದ. ನಲವತ್ತು ಮೆಟ್ಟಿಲು. ನಾನು ಮೇಲೆ ನಿಂತು ಎಣಿಸಿದೆ. ಮೂರನೇ ಸಲಕ್ಕೆ ಗೋಡೆ ಹಿಡಿದುಕೊಂಡ. ಆದರೂ ಐದು ಪೂರ್ತಿ ಮಾಡಿ, ಸಾಕೇನಕ್ಕ ಎಂದು ನಗುತ್ತಾ ಬಂದು ಕೈ ಚಾಚಿದ. ಉಸಿರು ಹಿಡಿಯಲೂ ಬಿಡದೆ ಚುಚ್ಚಿದೆ.

ಮೂರು ಸಾವಿರದ ಆರುನೂರು.

ಅದನ್ನೇ ಕಳಿಸಿದೆ. ಮೊದಲನೇ ಹಾಳೆಯನ್ನು ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡೆ. ಸುಳ್ಳು ಸಂಖ್ಯೆ ಟೈಪ್ ಮಾಡಲಿಲ್ಲ, ಎರಡೂ ಅವನದೇ ರಕ್ತ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಂದುವರಿಸಿ ಎಂದು ಡಾಕ್ಟರ ಉತ್ತರ ಬಂತು. ಮನೆಗೆ ಹೋಗುವಾಗ ಅವನಿಗೆ ಇಷ್ಟವೆಂದು ಅವರೆಕಾಯಿ ತಗೊಂಡು ಹೋದೆ.

ಐದನೇ ದಿನ ಶಿವು ಎಂಜಲು ನುಂಗಲಾಗುತ್ತಿಲ್ಲ ಅಂದ. ಹಣೆ ಮುಟ್ಟಿದೆ. ಕಾದ ಹೆಂಚು. ಲ್ಯಾಬಿಗೆ ಕರೆದುಕೊಂಡು ಹೋಗುವ ಧೈರ್ಯವಿಲ್ಲದೆ ಮನೆಯಲ್ಲೇ ರಕ್ತ ತೆಗೆದು, ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದು ಸ್ಕೂಟರಿನಲ್ಲಿ ಹೋದೆ.

ಎಂಟುನೂರು. ಅದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ಕಣಗಳು ನೂರೂ ಇರಲಿಲ್ಲ.

ಮೆಷಿನ್ ತಪ್ಪು ಎಂದು ಇನ್ನೊಂದು ಸಲ ಹಾಕಿದೆ. ಅದೇ ಬಂತು. ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹುಡುಕಿದೆ, ಹುಡುಕಿದೆ. ಸಂತೆ ಮುಗಿದ ಮೈದಾನದ ಹಾಗೆ ಖಾಲಿ ಇತ್ತು. ನನ್ನ ತಮ್ಮನನ್ನು ನಾನೇ ಕೊಂದೆ ಅಂತ ಬಾಯಿಬಿಟ್ಟು ಹೇಳಿದೆನಂತೆ. ಶಬೀನಾ ಆಮೇಲೆ ಹೇಳಿದಳು. ನನಗೆ ನೆನಪಿಲ್ಲ.

ಬೆಂಗಳೂರಿಗೆ ಆಂಬುಲೆನ್ಸಿನಲ್ಲಿ ಹೋದೆವು. ಐಸೊಲೇಷನ್ ರೂಮು. ಆಂಟಿಬಯಾಟಿಕ್, ಕೌಂಟು ಏರಿಸುವ ಇಂಜೆಕ್ಷನ್. ಮಾಸ್ಕು ಹಾಕಿಕೊಂಡು ಒಬ್ಬರು ಮಾತ್ರ ಒಳಗೆ. ಡಾಕ್ಟರ್ ಮೇಡಂ ಬಂದಾಗ ನಾನು ಬ್ಯಾಗಿನಿಂದ ಆ ಮೊದಲನೇ ಹಾಳೆಯನ್ನು ತೆಗೆದು ಕೊಟ್ಟೆ. ನಡೆದದ್ದನ್ನು ಹೇಳಿದೆ. ಮೆಟ್ಟಿಲಿನ ಮಾತನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಾಳೆಯನ್ನು ಫೈಲಿಗೆ ಸೇರಿಸಿದರು.

"ಅವತ್ತು ನಿಲ್ಲಿಸಿದ್ರೂ ಇಷ್ಟಕ್ಕೆ ಇಳೀತಿತ್ತೇನೋ, ಇಳೀತಿರಲಿಲ್ಲವೇನೋ. ನನಗೆ ಗೊತ್ತಿಲ್ಲ ರತ್ನಮ್ಮ. ಆದ್ರೆ ನಾನು ನಿಲ್ಲಿಸ್ತಿದ್ದೆ."

ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ, ಈ ರೋಗಿಗೆ ಕ್ಲೋಜಪಿನ್ ಮತ್ತೆ ಎಂದಿಗೂ ಕೊಡಕೂಡದು ಎಂದು ಬರೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಬಾಯಿಗೂ ಬಂದಿತ್ತು, ಹದಿಮೂರು ವಾರ ರುಚಿ ನೋಡಿದ್ದೆವು.

ಒಂಬತ್ತನೇ ದಿನದಿಂದ ಕೌಂಟು ಏರತೊಡಗಿತು. ಒಂದೂವರೆ ಸಾವಿರ. ಎರಡೂವರೆ. ನಾಲ್ಕು ಸಾವಿರದ ಇನ್ನೂರು. ಜ್ವರ ಬಿಟ್ಟಿತು. ಅವ್ವ ಹರಕೆ ತೀರಿಸುತ್ತೇನೆ ಎಂದು ಫೋನಿನಲ್ಲಿ ಅತ್ತಳು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೈಮುಗಿದೆ, ಯಾರಿಗೆ ಎಂದು ಗೊತ್ತಿಲ್ಲ. ಅವನು ಬದುಕಿದ. ಆದರೆ ಕೌಂಟು ಏರಿದ ಪ್ರತಿ ದಿನವೂ ಅವನು ಒಂದಿಷ್ಟು ದೂರ ಹೋದ. ಮೊದಲು ನಿದ್ದೆ ಹೋಯಿತು. ಆಮೇಲೆ ನನ್ನ ಮಾತಿಗೆ ಉತ್ತರ ಕೊಡುವ ಮುಂಚೆ ಬೇರೆ ಕಡೆ ಕಿವಿ ಕೊಡತೊಡಗಿದ. ಬ್ರೆಡ್ಡಿನ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ನಾನು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ, ನೋಡುವುದು ಬಿಟ್ಟರೆ ಮಾಡಲು ಏನೂ ಇರಲಿಲ್ಲ. ಒಂದು ಬೆಳಗ್ಗೆ ನರ್ಸ್ ನಗುತ್ತಾ ಬಂದು ರಿಪೋರ್ಟ್ ತೋರಿಸಿದರು. ಆರು ಸಾವಿರದ ಎಂಟುನೂರು. ಸಕ್ಕರೆ, ಲಿವರ್, ಕಿಡ್ನಿ, ಎಲ್ಲ ರೇಂಜಿನೊಳಗೆ. ಎಲ್ಲಾ ನಾರ್ಮಲ್, ಮನೆಗೆ ಹೋಗಬಹುದು ಎಂದರು. ಆಗ ಶಿವು ಗೋಡೆ ಕಡೆ ತಿರುಗಿ ಕೂತು ಆ ಹೆಂಗಸಿನ ದನಿಗೆ ಉತ್ತರ ಕೊಡುತ್ತಿದ್ದ.

ಮನೆಗೆ ಬಂದ ಮೂರನೇ ದಿನ ನಾನು ಟೆಸ್ಟಿಗೆ ಸೂಜಿ ತಂದೆ. ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ನೀನೇ ಅಂದ. ವಾರವಾರ ನನ್ನ ರಕ್ತ ತಗೊಂಡೋಳು ನೀನೇ, ಅದರಲ್ಲಿ ಏನೋ ಮುಚ್ಚಿಟ್ಟಿದ್ದೀಯ ಅಂದ.

ಇದು ಕಾಯಿಲೆಯ ಮಾತು, ವಾದ ಮಾಡಬೇಡಿ, ಹೌದೂ ಅನ್ನಬೇಡಿ ಇಲ್ಲವೂ ಅನ್ನಬೇಡಿ ಎಂದು ಡಾಕ್ಟರ್ ಹೇಳಿಕೊಟ್ಟಿದ್ದರು. ಬೇರೆ ಏನಾದರೂ ಅಂದಿದ್ದರೆ ಹಾಗೇ ಮಾಡುತ್ತಿದ್ದೆ. ಇದೊಂದು ಮಾತು ನಿಜ. ಹುಚ್ಚು ಅಂತ ಊರೆಲ್ಲ ಅನ್ನುವ ನನ್ನ ತಮ್ಮ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ನಾನು ಅವನ ಮುಂದೆ ನೆಲದ ಮೇಲೆ ಕೂತೆ. ಮಗ್ಗ ನಿಲ್ಲಿಸಿ ಅಂತ ಗಂಡನಿಗೆ ಸನ್ನೆ ಮಾಡಿದೆ. ಎರಡು ಸ್ಯಾಂಪಲ್ ತೆಗೆದಿದ್ದೆ ಕಣೋ, ಮೊದಲನೇದನ್ನ ಮುಚ್ಚಿಟ್ಟು ಎರಡನೇದನ್ನ ಕಳಿಸಿದೆ, ಮಾತ್ರೆ ನಿಂತುಹೋಗ್ತದೆ ಅನ್ನೋ ಭಯಕ್ಕೆ ನಿನ್ನನ್ನ ಮೆಟ್ಟಿಲು ಹತ್ತಿಸಿದೆ ಎಂದು ಒಂದೂ ಬಿಡದೆ ಹೇಳಿದೆ. ತಪ್ಪಾಯಿತು ಅಂದೆ.

ಅವನು ಆಶ್ಚರ್ಯಪಡಲಿಲ್ಲ.

"ಗೊತ್ತು. ಅವ್ರು ಹೇಳಿದ್ರು."

ಆಮೇಲೆ ಅವನು ನನ್ನ ಕೈಯಿಂದ ನೀರೂ ಮುಟ್ಟಲಿಲ್ಲ. ಊಟವನ್ನು ನನ್ನ ಗಂಡ ಬಡಿಸಬೇಕು. ಹೊಸ ಮಾತ್ರೆಗಳು ಶುರುವಾದವು, ಶಾಕ್ ಟ್ರೀಟ್‌ಮೆಂಟ್ ಆಯಿತು. ಮೊದಲಿನಷ್ಟು ಕೆಟ್ಟದಾಗಲಿಲ್ಲ, ಆ ಹನ್ನೊಂದನೇ ವಾರದಷ್ಟು ಒಳ್ಳೆಯದೂ ಆಗಲಿಲ್ಲ. ಅವರು ಇದ್ದಾರೆ. ಮಗ್ಗ ನಿಂತರೆ ಮಾತಾಡುತ್ತಾರೆ. ಅವನು ಅದರ ಮಧ್ಯೆಯೇ ದಿನಕ್ಕೆ ಒಂದಿಷ್ಟು ನೂಲು ಸುತ್ತುತ್ತಾನೆ. ಹೊಸ ಮಾತ್ರೆಗೆ ಸಕ್ಕರೆ ಏರಬಹುದು, ತಿಂಗಳಿಗೊಮ್ಮೆ ಟೆಸ್ಟ್ ಬೇಕು. ಭಾವನ ಜೊತೆ ಲ್ಯಾಬಿಗೆ ಬಂದು ಶಬೀನಾ ಕೈಯಲ್ಲಿ ರಕ್ತ ಕೊಡುತ್ತಿದ್ದ. ಅಷ್ಟು ಹೊತ್ತೂ ನಾನು ಒಳಕೋಣೆಯಲ್ಲಿ ಇರುತ್ತಿದ್ದೆ. ಅವನು ಮೆಟ್ಟಿಲಿಳಿಯುವ ಸದ್ದು ಕೇಳಿದ ಮೇಲೆ ಹೊರಗೆ ಬರುತ್ತಿದ್ದೆ. ಲ್ಯಾಬಿನ ಓನರಿಗೂ ನಡೆದದ್ದನ್ನು ಹೇಳಿದ್ದೆ. ಕೆಲಸದಿಂದ ತೆಗೆಯಲಿಲ್ಲ, ಮನೆಯವರ ಸ್ಯಾಂಪಲ್ ಇನ್ನು ಮುಂದೆ ಮುಟ್ಟಬೇಡಿ ಎಂದರು. ನ್ಯಾಯವಾದ ಮಾತು. ಅವರ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಹೋದ ತಿಂಗಳು ಅವನು ಒಬ್ಬನೇ ಬಂದ. ಶಬೀನಾ ಸೂಜಿ ಸಿದ್ಧ ಮಾಡಿಕೊಂಡು ಕೂತಿದ್ದಳು. ಅವನು ಅವಳ ಕುರ್ಚಿ ದಾಟಿ ಒಳಕೋಣೆಯ ಬಾಗಿಲಿಗೆ ಬಂದು ನಿಂತ. ಏದುಸಿರು ಬಿಡುತ್ತಿದ್ದ.

"ಇವತ್ತು ಎಷ್ಟು ಸಲ ಹತ್ಲಿ?"

ತಮಾಷೆಯೋ, ಸಿಟ್ಟೋ, ಅವರು ಹೇಳಿಕೊಟ್ಟಿದ್ದೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಒಂದು ಸಲ ಹತ್ತಿ ಬಂದಿದ್ದೀಯಲ್ಲ, ಸಾಕು, ಕೂತ್ಕೋ ಅಂದೆ. ಹತ್ತು ನಿಮಿಷ ಕೂರಿಸಿದೆ. ಗಡಿಯಾರ ನೋಡಿದೆ. ಆಮೇಲೆ ಅವನು ತೋಳು ಮಡಚಿ ಕೈ ಚಾಚಿದ, ನನ್ನ ಕಡೆಗೆ. ಓನರ ಮಾತನ್ನು ಅವತ್ತೊಂದು ದಿನ ಮೀರಿದೆ. ಶಬೀನಾ ಪಕ್ಕದಲ್ಲೇ ನಿಂತಿದ್ದಳು, ಮೆಷಿನ್ನಿಗೆ ಅವಳೇ ಹಾಕುತ್ತೇನೆ ಅಂದಳು.

ಹದಿನೈದು ವರ್ಷದಲ್ಲಿ ಮೊದಲ ಸಲ ನನ್ನ ಸೂಜಿ ನರ ತಪ್ಪಿತು. ಕೈ ಹಗುರವಂತೆ, ಮಣ್ಣು. ನೋಯಿತೇನೋ ಅಂದೆ. ಇನ್ನೊಂದ್ಸಲ ಚುಚ್ಚು ಎಂದು ಕಿಟಕಿ ಕಡೆ ನೋಡಿದ.

ಸಕ್ಕರೆ ನೂರ ಹದಿನೆಂಟು ಬಂತು. ಊಟಕ್ಕೆ ಮುಂಚೆ ನೂರರ ಒಳಗಿರಬೇಕು. ಬಂದದ್ದನ್ನು ಬಂದ ಹಾಗೆ ಡಾಕ್ಟರಿಗೆ ಕಳಿಸಿದೆ. ಅವನು ಹಾಳೆ ಕೇಳಿ ತೆಗೆದುಕೊಂಡು ಕಪ್ಪು ಅಕ್ಷರದ ಮೇಲೆ ಬೆರಳಿಟ್ಟ.

"ಎಚ್ ಬಂದೈತೆ."

"ಹೂಂ, ಬಂದೈತೆ."

"ಇದು ಮೊದಲ್ನೇದಾ, ಎರಡನೇದಾ?"

"ಮೊದಲ್ನೇದೇ ಕಣೋ. ಎರಡನೇದು ಇಲ್ಲ."

ಅವನು ಹಾಳೆಯನ್ನು ಮಡಚಿ ಜೇಬಿಗಿಟ್ಟ. ಇಬ್ಬರೂ ಕೆಳಗಿಳಿದೆವು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಕ್ಕರೆ ಇಲ್ಲದೆ ಎರಡು ಟೀ ಹೇಳಿದೆ. ಅವನು ಲೋಟ ಹಿಡಿದುಕೊಂಡು ನಿಂತ. ನಾನು ನನ್ನ ಲೋಟವನ್ನು ಅವನಿಗೆ ಕೊಟ್ಟು ಅವನದನ್ನು ತೆಗೆದುಕೊಂಡೆ. ಮೊದಲು ನಾನು ಒಂದು ಗುಟುಕು ಕುಡಿದೆ. ಅವನು ನನ್ನ ಗಂಟಲನ್ನೇ ನೋಡಿದ.

ಆಮೇಲೆ ಕುಡಿದ.